ಅಟ್ಟೆಯ ಮೇಲಿನ ಎರಡು ಗೆರೆ

ಕಾಲನ್ನು ಪೆಡಲಿಗೆ ಬಿಗಿದುಕೊಳ್ಳಬೇಕೆಂಬ ಆಸೆ ನನಗೆ ಹುಟ್ಟಿದ್ದು ದಾವಣಗೆರೆಯ ಒಂದು ಕ್ಷೌರದಂಗಡಿಯಲ್ಲಿ. ಆಗ ನನಗೆ ಹದಿನೇಳು, ಈಗ ಹತ್ತೊಂಬತ್ತು. ಎರಡೇ ವರ್ಷ ಹಿಂದಿನದನ್ನು ನೆನಪು ಅಂತ ಬರೆಯಲು ಕೂತರೆ ಮನೆಯಲ್ಲಿ ನಗುತ್ತಾರೆ. ಆದರೆ ಮೆಟ್ಟಿಲು ಇಳಿಯುವಾಗ ನನ್ನ ಎಡ ಮಂಡಿ ಈಗಲೂ ಒಂದು ಸಲ ಚುಳುಕ್ ಎನ್ನುತ್ತದೆ. ಆ ಮಟ್ಟಿಗೆ ನಾನು ಮುದುಕನೇ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಗೆಳೆಯರ ಮುಂದೆ ಹೇಳುವಾಗ ದಾವಣಗೆರೆಯಿಂದ ಹರಿಹರ ಮೂವತ್ತು ಕಿಲೋಮೀಟರ್ ದೂರವಿರುತ್ತದೆ, ಎದುರುಗಾಳಿಗೆ ಲಾರಿಗಳು ಹಿಂದಕ್ಕೆ ಸರಿಯುತ್ತಿರುತ್ತವೆ. ನಿಜವಾದ ದೂರ ಹದಿನಾಲ್ಕು. ಗಾಳಿಯ ವಿಷಯದಲ್ಲಿ ಮಾತ್ರ ನಾನು ಏನನ್ನೂ ಬಿಟ್ಟುಕೊಡುವುದಿಲ್ಲ.

ಕ್ಷೌರದಂಗಡಿಯ ಬೆಂಚಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಇಂಗ್ಲಿಷ್ ಕ್ರೀಡಾ ಪತ್ರಿಕೆ ಇತ್ತು. ಅದರ ಅರ್ಧ ಪುಟಗಳು ರೇಜರಿನ ನೊರೆ ಒರೆಸಿ ಮುಗಿದಿದ್ದವು. ಉಳಿದ ಅರ್ಧದಲ್ಲಿ ಪರದೇಶದ ಒಬ್ಬ ಸೈಕಲ್ ಸವಾರನ ಚಿತ್ರ, ಅದರ ಮೂಲೆಯಲ್ಲಿ ಅವನ ಪಾದದ ಚಿತ್ರ ಬೇರೆಯಾಗಿ ದೊಡ್ಡದಾಗಿ. ಶೂ ಪೆಡಲಿಗೆ ಅಂಟಿಕೊಂಡಿತ್ತು. ಹಗ್ಗವಿಲ್ಲ, ಪಟ್ಟಿಯಿಲ್ಲ. ಶೂ ಕೆಳಗೆ ಒಂದು ತುಂಡು, ಅದನ್ನು ಪೆಡಲಿನ ಮೇಲೆ ಒತ್ತಿದರೆ ಚಿಲಕ ಬಿದ್ದ ಹಾಗೆ ಕೂರುತ್ತದೆ, ಹಿಮ್ಮಡಿ ತಿರುಗಿಸಿದರೆ ಬಿಡುತ್ತದೆ ಎಂದು ಕೆಳಗೆ ಬರೆದಿತ್ತು. ಅಷ್ಟು ಇಂಗ್ಲಿಷ್ ಓದಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಓದಿ ಮುಗಿಸುವಷ್ಟರಲ್ಲಿ ನನಗೆ ಇನ್ನೊಂದು ಸಲ ಕ್ಷೌರ ಮಾಡುವಷ್ಟು ಕೂದಲು ಬೆಳೆದಿತ್ತು. ಆ ಪುಟವನ್ನು ಹರಿದು ಜೇಬಿಗಿಟ್ಟುಕೊಂಡೆ.

ಆಸೆಗೆ ಕಾರಣವಿತ್ತು. ಊರಿನ ಸೈಕಲ್ ಅಂಗಡಿಯವರೆಲ್ಲ ಸೇರಿ ಹದಿನೆಂಟು ತುಂಬದ ಹುಡುಗರಿಗಾಗಿ ಒಂದು ರೇಸು ಇಟ್ಟಿದ್ದರು. ದಾವಣಗೆರೆಯಿಂದ ಹೊರಟು ಹರಿಹರದ ಹೊಳೆ ಸೇತುವೆ ಮುಟ್ಟಿ ವಾಪಸು. ಮೊದಲು ಬಂದ ಇಬ್ಬರನ್ನು ಬಿಜಾಪುರದ ದೊಡ್ಡ ರೇಸಿಗೆ ಕಳಿಸುವುದು. ನನಗೆ ಮುಂದಿನ ವರ್ಷ ಹದಿನೆಂಟು ತುಂಬುತ್ತಿತ್ತು, ಆದ್ದರಿಂದ ಮೊದಲನೆಯದೂ ಇದೇ, ಕೊನೆಯದೂ ಇದೇ. ಅಲ್ಲಿಯವರೆಗೆ ನಾನು ಮಾತಿನಲ್ಲಿ ಬಿಟ್ಟರೆ ಬೇರೆ ಯಾವುದರಲ್ಲೂ ಮೊದಲು ಬಂದವನಲ್ಲ. ಒಂದು ಸಲವಾದರೂ ಹೇಳಿಕೊಳ್ಳುವುದಕ್ಕೆ ಮುಂಚೆ ಅದು ನಡೆದಿರಲಿ ಎಂದು ಆಸೆಪಟ್ಟಿದ್ದೆ.

ನನ್ನ ಹಾಗೆಯೇ ಕೊನೆಯ ಅವಕಾಶದಲ್ಲಿದ್ದ ಇನ್ನೊಬ್ಬ ನನ್ನ ದೋಸ್ತ. ಕಡರನಾಯಕನಹಳ್ಳಿಯವನು, ದಿನಾ ಅಲ್ಲಿಂದ ನಮ್ಮ ಕಾಲೇಜಿಗೆ ಸೈಕಲ್ಲಿನಲ್ಲೇ ಬರುತ್ತಿದ್ದ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಉಳಿದದ್ದನ್ನು ಅವನ ಪರವಾಗಿ ನಾನೇ ಆಡುತ್ತಿದ್ದೆ.

ನಾವಿಬ್ಬರೂ ಆ ಚಿತ್ರವನ್ನು ಹಿಡಿದುಕೊಂಡು ಚಾಚಾನ ಅಂಗಡಿಗೆ ಹೋದೆವು. ಚಾಚಾ ಎಂದರೆ ನಮ್ಮ ಓಣಿಯ ಸೈಕಲ್ ಮಿಸ್ತ್ರಿ. ವಯಸ್ಸು ಅರವತ್ತು ದಾಟಿತ್ತು, ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ ಕಟ್ಟಿಕೊಂಡಿದ್ದರು. ಚಿಕ್ಕ ವಯಸ್ಸಿನಲ್ಲಿ ಅವರು ಪುಣೆಯವರೆಗೂ ಹೋಗಿ ರೇಸು ತುಳಿದವರು. ಚಿತ್ರವನ್ನು ಕಣ್ಣಿನ ಹತ್ತಿರ ತಂದು, ದೂರ ಒಯ್ದು, ಬಹಳ ಹೊತ್ತು ನೋಡಿದರು. ಇದು ಇಲ್ಲಿಗೆ ಬರುವ ಹೊತ್ತಿಗೆ ನಿಮ್ಮ ಮಕ್ಕಳಿಗೆ ಹದಿನೆಂಟು ತುಂಬಿರುತ್ತದೆ ಎಂದರು. ಆಮೇಲೆ ತಮ್ಮಲ್ಲಿ ಏನಿದೆಯೋ ಅದನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟರು.

ಮೊದಲನೆಯದು ರಬ್ಬರ್ ಇಲ್ಲದ ಹಲ್ಲಿನ ಪೆಡಲು. ಕ್ಯಾನ್ವಾಸ್ ಶೂ ಹಾಕಿಕೊಂಡು ತುಳಿಯುವುದು, ಅಷ್ಟೇ. ಎರಡನೆಯದು ಅದೇ ಪೆಡಲಿನ ಮುಂದೆ ಕೂರಿಸುವ ಕಬ್ಬಿಣದ ಕ್ಲಿಪ್ಪು ಮತ್ತು ಚರ್ಮದ ಪಟ್ಟಿ. ಒಕ್ಕುವಾಗ ಎತ್ತಿನ ಬಾಯಿಗೆ ಹಾಕುತ್ತಾರಲ್ಲ ಕುಕ್ಕೆ, ಅದನ್ನು ಕಾಲಿಗೆ ಹಾಕಿದಂತೆ ಕಾಣುತ್ತಿತ್ತು. ಮೂರನೆಯದನ್ನು ಜರ್ದಾ ಡಬ್ಬಿಯಿಂದ ತೆಗೆದರು. ಎರಡು ಅಲ್ಯೂಮಿನಿಯಂ ಪ್ಲೇಟುಗಳು, ಪ್ರತಿಯೊಂದರಲ್ಲೂ ಅಡ್ಡಕ್ಕೆ ಒಂದು ಸೀಳು. ಪ್ಲೇಟನ್ನು ಶೂವಿನ ಅಟ್ಟೆಗೆ ಮೊಳೆ ಹೊಡೆದು ಕೂರಿಸಿದರೆ ಪೆಡಲಿನ ಹಿಂದಿನ ಅಂಚು ಆ ಸೀಳಿನಲ್ಲಿ ಕಚ್ಚಿಕೊಳ್ಳುತ್ತದೆ, ಮೇಲಿನಿಂದ ಪಟ್ಟಿ ಎಳೆದರೆ ಕಾಲು ಪೆಡಲಿನದೇ ಆಗಿಹೋಗುತ್ತದೆ. ಆಗ ಬರೀ ಒತ್ತುವುದಲ್ಲ, ಮೇಲಕ್ಕೆ ಎಳೆಯಲೂಬಹುದು. ಚಿತ್ರದಲ್ಲಿದ್ದ ಚಿಲಕಕ್ಕೆ ದಾವಣಗೆರೆಯಲ್ಲಿ ಇದೇ ಹತ್ತಿರದ ಸಂಬಂಧಿ. ಆದರೆ ಪ್ಲೇಟಿನ ಜೋಡಿ ಒಂದೇ ಇತ್ತು, ನಾವು ಇಬ್ಬರಿದ್ದೆವು.

ಚಾಚಾ ಅದಕ್ಕೊಂದು ದಾರಿ ಹೇಳಿದರು. ಅವರ ಕಾಲದಲ್ಲಿ ಪ್ಲೇಟನ್ನು ಯಾರೂ ಅಳತೆಪಟ್ಟಿ ಇಟ್ಟು ಹೊಡೆಯುತ್ತಿರಲಿಲ್ಲ. ಹೊಸ ಶೂ ಹಾಕಿಕೊಂಡು, ಪ್ಲೇಟಿಲ್ಲದೆ, ಬೋಳು ಅಟ್ಟೆಯಲ್ಲೇ ದಿನಗಟ್ಟಲೆ ತುಳಿಯಬೇಕು. ಪೆಡಲಿನ ಎರಡು ಅಂಚು ಚರ್ಮದ ಮೇಲೆ ತಾವಾಗಿಯೇ ಎರಡು ಗೆರೆ ಮೂಡಿಸುತ್ತವೆ. ಒಬ್ಬೊಬ್ಬರದು ಒಂದೊಂದು ಥರ. ಕೆಲವರದು ನೆಟ್ಟಗೆ, ಕೆಲವರದು ಓರೆ. ಆ ಎರಡರಲ್ಲಿ ಹಿಂದಿನ ಗೆರೆಯ ಮೇಲೆಯೇ ಪ್ಲೇಟಿನ ಸೀಳು ಬರಬೇಕು.

"ಶೂ ಹದ ಆಗೋದು ಅಂಗಡ್ಯಾಗಲ್ಲ ಬೇಟಾ, ರಸ್ತೆ ಮ್ಯಾಲೆ," ಎಂದರು ಚಾಚಾ. "ಹರಿಹರದ ಸೇತುವೆ ಮುಟ್ಟಿ ಹತ್ತು ಸಲ ಬರ್ರಿ. ಯಾರ ಗೆರಿ ಮೊದ್ಲು ಬೀಳ್ತಾವೋ ಪ್ಲೇಟು ಅವರಿಗೆ."

ಶೂ ಮಾಡಿಕೊಟ್ಟಿದ್ದು ರೈಲ್ವೆ ಗೇಟಿನ ಹತ್ತಿರ ಚಪ್ಪಲಿ ಹೊಲಿಯುವ ಒಬ್ಬ ಅಜ್ಜ. ನಮ್ಮಿಬ್ಬರ ಹಳೆಯ ಸ್ಕೂಲ್ ಶೂಗಳ ಹಿಮ್ಮಡಿ ಕಿತ್ತು, ಅಡಿಯ ಚರ್ಮದ ಎರಡು ಪದರದ ನಡುವೆ ಡಾಲ್ಡಾ ಡಬ್ಬಿಯ ತಗಡು ಇಟ್ಟು ಹೊಲಿದ. ಅಟ್ಟೆ ಬಾಗಬಾರದು ಎಂಬುದು ಚಾಚಾನ ಆಜ್ಞೆ. ಬಾಗಲಿಲ್ಲ. ಅದನ್ನು ಹಾಕಿಕೊಂಡು ನಡೆದರೆ ಮದುವೆ ಮೆರವಣಿಗೆಯ ಕುದುರೆ ಬರುತ್ತಿದೆಯೆಂದು ಜನ ದಾರಿ ಬಿಡುತ್ತಿದ್ದರು. ನಾನು ಅದೇ ಕಾರಣಕ್ಕೆ ಹೆಚ್ಚು ನಡೆದೆ. ಕಾಲೇಜಿಗೆ, ಮಂಡಕ್ಕಿ ತರಲು, ದೇವಸ್ಥಾನದ ಬಾಗಿಲವರೆಗೆ. ತುಳಿದದ್ದು ಕಡಿಮೆ. ದೋಸ್ತ ಅದನ್ನು ಹಾಕಿಕೊಂಡು ದಿನಾ ಊರಿಂದ ಬಂದು ಹೋಗುತ್ತಿದ್ದ. ಐದನೆಯ ದಿನ ಅವನ ಅಟ್ಟೆ ತಿರುಗಿಸಿ ನೋಡಿದೆ. ಗೆರೆ ಆಗಲೇ ಮಸುಕಾಗಿ ಕಾಣಿಸುತ್ತಿತ್ತು. ನನ್ನದರಲ್ಲಿ ದೇವಸ್ಥಾನದ ಮುಂದಿನ ಮರಳು ಮಾತ್ರ ಇತ್ತು.

ಆವತ್ತು ಮಧ್ಯಾಹ್ನ ಮನೆಯಲ್ಲಿ ಅವ್ವ ಮಲಗಿದ್ದಳು. ನಾನು ಸೈಕಲ್ಲಿನ ಪೆಡಲು ಬಿಚ್ಚಿಕೊಂಡು ಹಿತ್ತಲಿಗೆ ಹೋದೆ. ಶೂ ಬೋರಲು ಹಾಕಿ, ಅಟ್ಟೆಯ ಮೇಲೆ ಪೆಡಲು ಇಟ್ಟು, ಪತ್ರಿಕೆಯ ಚಿತ್ರವನ್ನು ಮುಂದಿಟ್ಟುಕೊಂಡೆ. ಚಿತ್ರದಲ್ಲಿ ಆ ಪರದೇಶಿಯ ಪಾದ ಬಾಣದ ಹಾಗೆ ನೆಟ್ಟಗಿತ್ತು. ನಾನೂ ಪೆಡಲನ್ನು ಅಷ್ಟೇ ನೆಟ್ಟಗೆ ಇಟ್ಟೆ. ಮಸಾಲೆ ಅರೆಯುವ ಗುಂಡುಕಲ್ಲು ಎತ್ತಿ ಹೊಡೆದೆ. ಎಡದ್ದಕ್ಕೆ ಹತ್ತು ಏಟು, ಬಲದ್ದಕ್ಕೆ ಹತ್ತು ಏಟು; ಹತ್ತು ಸಲ ಹರಿಹರಕ್ಕೆ ಹೋಗಿ ಬಂದಂತಾಯಿತು. ಗೆರೆ ತೀರಾ ಹೊಸದಾಗಿ ಕಂಡಿತು ಅಂತ ಚೈನಿನ ಗ್ರೀಸು ಸವರಿ, ಮೇಲೆ ರಸ್ತೆಯ ಧೂಳು ತಂದು ಉಜ್ಜಿದೆ. ಕಲ್ಲನ್ನು ಮೂರು ಸಲ ತೊಳೆದಿದ್ದೆ. ಆದರೂ ರಾತ್ರಿ ಊಟಕ್ಕೆ ಕೂತಾಗ ಅವ್ವ ಸಾರನ್ನು ಮೂಸಿ ಅಪ್ಪನ ಕಡೆ ನೋಡಿ, ಚಪ್ಪಲಿ ಒಳಗ ಬಿಟ್ಟೀರೇನು ಎಂದು ಕೇಳಿದಳು.

ಚಾಚಾ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದರು. ಮಾಶಾಲ್ಲಾ, ಎಷ್ಟು ಬೇಗ, ಎಷ್ಟು ನೆಟ್ಟಗೆ ಎಂದರು. ದೋಸ್ತ ಪಕ್ಕದಲ್ಲಿ ನಿಂತು ತನ್ನ ಅಟ್ಟೆ ನೋಡಿಕೊಂಡ, ನನ್ನದು ನೋಡಿದ, ತನ್ನ ಶೂ ಮತ್ತೆ ಹಾಕಿಕೊಂಡ. ಅವನಿಗೆ ಬರೀ ಕ್ಲಿಪ್ಪು ಪಟ್ಟಿ ಸಿಕ್ಕಿತು. ಚಾಚಾ ನನ್ನ ಶೂ ತೊಡೆಯ ನಡುವೆ ಹಿಡಿದು ಪ್ಲೇಟನ್ನು ಗೆರೆಗೆ ಕೂದಲೆಳೆಯಷ್ಟೂ ತಪ್ಪದಂತೆ ಕೂರಿಸಿ ಮೊಳೆ ಹೊಡೆದರು. ಅಂಥ ಅಂದದ ಕೆಲಸವನ್ನು ನಾನು ಮತ್ತೆ ನೋಡಿಲ್ಲ. ಸುಳ್ಳು ಗೆರೆಯ ಮೇಲೆ ಅಷ್ಟು ನಿಜವಾದ ಕೆಲಸ.

ಕಾಲು ಬಿಗಿದುಕೊಂಡವನು ನಿಲ್ಲುವುದಕ್ಕೆ ಮುಂಚೆ ಬಗ್ಗಿ ಪಟ್ಟಿ ಸಡಿಲಿಸಬೇಕು ಎಂದು ಚಾಚಾ ನೂರು ಸಲ ಹೇಳಿದ್ದರು. ಮೊದಲ ದಿನವೇ ರೈಲ್ವೆ ಗೇಟು ಬಿತ್ತು. ನಾನು ಬ್ರೇಕು ಹಿಡಿದೆ, ಸೈಕಲ್ಲು ನಿಂತಿತು, ಕಾಲು ಕೆಳಗೆ ಬರಲಿಲ್ಲ. ನಿಧಾನವಾಗಿ ಎಡಕ್ಕೆ ವಾಲತೊಡಗಿದೆ. ಗೂಡ್ಸ್ ಗಾಡಿಯೊಂದು ಪೂರ್ತಿ ದಾಟಿಹೋಗುವಷ್ಟು ನಿಧಾನವಾಗಿ ಬಿದ್ದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಬಿದ್ದ ಮೇಲೂ ಕಾಲು ಬಿಡಲಿಲ್ಲ, ಹತ್ತಿಯ ಅಂಡಿಗೆಯ ಹಾಗೆ ಮಲಗಿದ್ದೆ. ಗಾಡಿಯವರು, ಸ್ಕೂಟರಿನವರು, ಸೊಪ್ಪಿನ ಬುಟ್ಟಿಯವರು ಎಲ್ಲ ಸುತ್ತ ನಿಂತರು. ಚಪ್ಪಲಿ ಹೊಲಿಯುವ ಅಜ್ಜ ಮಾತ್ರ ಎದ್ದು ಬಂದು ಪಟ್ಟಿ ಬಿಚ್ಚಿದ. ನನ್ನನ್ನು ಎತ್ತಲಿಲ್ಲ, ಶೂ ತಿರುಗಿಸಿ ಹೊಲಿಗೆ ಬಿಟ್ಟಿಲ್ಲ ಎಂದು ನೋಡಿ ಖಾತ್ರಿ ಮಾಡಿಕೊಂಡು ವಾಪಸು ಹೋದ.

ಮೂರನೆಯ ದಿನದಿಂದ ಎಡ ಮಂಡಿ ಒಳಗಡೆಯಿಂದ ಯಾರೋ ತಿರುಪು ತಿರುಗಿಸಿದಂತೆ ನೋಯುತ್ತಿತ್ತು. ಹೊಸ ಶೂ, ಹಾಗೇ ಇರುತ್ತದೆ ಎಂದುಕೊಂಡೆ. ಚಾಚಾನನ್ನು ಕೇಳಬಹುದಿತ್ತು. ಕೇಳಿದರೆ ಅವರು ಗೆರೆ ನೋಡುತ್ತಿದ್ದರು.

ರೇಸಿನ ದಿನ ಬೆಳಿಗ್ಗೆ ಹನ್ನೊಂದು ಜನ ಹೊರಟೆವು. ಹೋಗುವಾಗ ಪ್ಲೇಟು ತನ್ನ ಮಾತು ಉಳಿಸಿಕೊಂಡಿತು. ಬರೀ ಒತ್ತುವವರ ನಡುವೆ ನಾನು ಒತ್ತುತ್ತಲೂ ಇದ್ದೆ, ಎಳೆಯುತ್ತಲೂ ಇದ್ದೆ. ನಡುದಾರಿಯ ಬಾತಿ ದಾಟುವಾಗ ಮೂರನೆಯವನಾಗಿದ್ದೆ, ಹರಿಹರದಲ್ಲಿ ಮೊದಲನೆಯವನು. ಸೇತುವೆಯ ಕಟ್ಟೆ ಮುಟ್ಟಿ ತಿರುಗಿದಾಗ ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಇಡೀ ತುಂಗಭದ್ರೆ ನಿಂತು ನೋಡಿತು ಎಂದು ನಾನು ಹೇಳುವುದುಂಟು. ಒಂದು ಕ್ಷಣ ನನಗೆ ಹಾಗೇ ಅನ್ನಿಸಿತ್ತು, ಅದು ಉಬ್ಬಿಸಿದ ಮಾತಲ್ಲ.

ಬರುವಾಗ ಗಾಳಿ ಎದುರಾಯಿತು. ಬಾತಿಯ ಗುಡ್ಡ ಕಾಣುವ ಹೊತ್ತಿಗೆ ಎಡಗಾಲು ನನ್ನದಾಗಿರಲಿಲ್ಲ. ಪಾದ ಹೊರಕ್ಕೆ ತಿರುಗಲು ಬಯಸುತ್ತಿತ್ತು, ಪ್ಲೇಟು ಬಿಡುತ್ತಿರಲಿಲ್ಲ, ಆ ಜಗಳ ಮಂಡಿಯಲ್ಲಿ ನಡೆಯುತ್ತಿತ್ತು. ಪಟ್ಟಿ ಬಿಚ್ಚಿ ರಸ್ತೆ ಪಕ್ಕದ ಬೇವಿನ ಮರಕ್ಕೆ ಆತುಕೊಂಡೆ. ಒಬ್ಬೊಬ್ಬರೇ ದಾಟಿಹೋದರು. ದೋಸ್ತ ಬಂದವನು ನನ್ನನ್ನು ಕಂಡು ನಿಧಾನ ಮಾಡಿದ.

"ಏನಾತಲೇ?"

"ಏನಿಲ್ಲ, ಚೈನ್ ಬಿತ್ತು. ನೀ ನಡಿ."

ಅವನು ಚೈನು ನೋಡಿದ, ನನ್ನ ಮುಖ ನೋಡಿದ, ಹೋದ. ಎರಡನೆಯವನಾಗಿ ಮುಟ್ಟಿದ. ನಾನು ಸೈಕಲ್ ತಳ್ಳಿಕೊಂಡು ಊರು ಸೇರುವಷ್ಟರಲ್ಲಿ ಹಾರಗಳು ಬಾಡಿದ್ದವು.

ಇನ್ನು ನಾನು ಹೇಳಿಕೊಳ್ಳಲು ಇಷ್ಟಪಡದ ಭಾಗ. ಮಾರನೆಯ ದಿನ ಕಾಲೇಜಿನಲ್ಲಿ ಎಲ್ಲರೂ ಕೇಳಿದರು. ಮೊದಲು ಬರುತ್ತೇನೆಂದು ಒಂದು ತಿಂಗಳಿಂದ ಸಾರಿದ್ದವನು ನಾನೇ. ಬಾಯಿ ತಾನಾಗಿಯೇ ಓಡಿತು. ಚಾಚಾನಿಗೆ ಕಣ್ಣು ಕಾಣುವುದಿಲ್ಲ, ಪ್ಲೇಟನ್ನು ಸೊಟ್ಟ ಹೊಡೆದುಬಿಟ್ಟರು, ಕನ್ನಡಕ ದಾರದ ಮೇಲೆ ನಿಂತಿರುವವರ ಕೈಗೆ ಕಾಲು ಕೊಟ್ಟರೆ ಇನ್ನೇನಾಗುತ್ತದೆ ಎಂದೆ. ಅವರು ಪಂಚರ್ ಅಂತ ಒಂದು ಸಲ ಸೈಕಲ್ಲಿನ ಬದಲು ಪಕ್ಕದಲ್ಲಿ ನಿಂತಿದ್ದ ಪೊಲೀಸಿನವರ ಬೂಟಿಗೆ ಪ್ಯಾಚು ಹಾಕಿದ್ದರು ಎಂದೆ. ಬಹಳ ನಕ್ಕರು. ನನ್ನ ಯಾವ ಮಾತಿಗೂ ಅಷ್ಟು ನಕ್ಕಿರಲಿಲ್ಲ. ನಗಿಸುವ ಮಾತು ಒಂದೇ ಕಡೆ ನಿಲ್ಲುವುದಿಲ್ಲ. ಮೂರು ದಿನಕ್ಕೆ ಅದು ಚಾಚಾನ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತಿತ್ತು.

ಶೂ ತಗೊಂಡು ಬಾ ಎಂದು ಚಾಚಾ ಹೇಳಿ ಕಳಿಸಿದರು. ಹೋದೆ. ಇಕ್ಕಳದಿಂದ ಒಂದೊಂದೇ ಮೊಳೆ ಕಿತ್ತರು. ಪ್ಲೇಟಿನ ಅಡಿ ಚರ್ಮ ಮೊಳೆಗಳಿಗೆ ಹರಿದುಹೋಗಿ ಗೆರೆ ಎಲ್ಲಿತ್ತೆಂದೇ ತಿಳಿಯುತ್ತಿರಲಿಲ್ಲ. ಆಮೇಲೆ ನನ್ನನ್ನು ಬರಿಗಾಲಲ್ಲಿ ಸ್ಟ್ಯಾಂಡ್ ಹಾಕಿದ ಸೈಕಲ್ಲಿನ ಮೇಲೆ ಕೂರಿಸಿ ತುಳಿ ಎಂದರು. ಕೆಳಗೆ ಕೂತು ನನ್ನ ಪಾದ ನೋಡಿದರು. ನಾನೂ ಮೊದಲ ಸಲ ನೋಡಿಕೊಂಡೆ. ನನ್ನ ಎರಡು ಪಾದ ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳ ಹಾಗೆ ಹೊರಕ್ಕೆ ತಿರುಗಿದ್ದವು. ಹದಿನೇಳು ವರ್ಷ ಹಾಗೆ ನಡೆದಿದ್ದೆ, ಯಾರೂ ಹೇಳಿರಲಿಲ್ಲ.

"ನಿನ್ನ ಗೆರಿ ಓರೆ ಇದ್ದಿರ್ಬೇಕು ಬೇಟಾ," ಎಂದರು ಚಾಚಾ. "ನನಗ ನೆಟ್ಟಗ ಕಂಡ್ವು. ಜನ ಅನ್ನೋದು ಖರೆ ಐತಿ. ಇನ್ ಮ್ಯಾಲೆ ನಾ ಯಾರ್ದೂ ಪ್ಲೇಟ್ ಹೊಡ್ಯಲ್ಲ."

ಹೇಳಿ ಪ್ಲೇಟುಗಳನ್ನು ಜರ್ದಾ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ನಾನು ಸುಮ್ಮನೆ ಎದ್ದು ಬಂದಿರುತ್ತಿದ್ದೆ, ಅದು ನನಗೆ ಗೊತ್ತು. ಅವರು ನನ್ನ ಸುಳ್ಳನ್ನು ನನಗಿಂತ ಹೆಚ್ಚು ನಂಬಿದ್ದರು. ನನಗೆ ಮಾಡಬೇಕಾದ್ದು ಏನೂ ಇರಲಿಲ್ಲ, ಹೌದು ಚಾಚಾ ಅಂದರೆ ಸಾಕಿತ್ತು. ಜೀವಮಾನವಿಡೀ ಹೇಳಿಕೊಳ್ಳಲು ಒಳ್ಳೆಯ ಕಥೆ ಸಿಗುತ್ತಿತ್ತು. ಸೈಕಲ್ಲಿನಿಂದ ಇಳಿದೆ. ಗುಂಡುಕಲ್ಲು, ಗ್ರೀಸು, ಧೂಳು, ಎಲ್ಲ ಹೇಳಿದೆ. ಉಬ್ಬಿಸಲು ಬಾರದೆ ಹೋದದ್ದರಿಂದ ಬಹಳ ಬೇಗ ಮುಗಿಯಿತು.

ಚಾಚಾ ಪಕ್ಕದಲ್ಲಿದ್ದ ಚಕ್ರವನ್ನು ತಿರುಗಿಸಿ, ಅದರ ಓಲಾಟ ನೋಡುತ್ತ ಕೂತರು. ಚಕ್ರ ಪೂರ್ತಿ ನಿಂತ ಮೇಲೆ ಕೇಳಿದರು.

"ಕಾಲೇಜಿನಾಗ ಹೇಳ್ದಾಂವ ಯಾರು?"

"ನಾನೇ ಚಾಚಾ."

"ಹಂಗಾರೆ ಇದನ್ನೂ ಅಲ್ಲಿ ಹೇಳು."

ಹೇಳಿದೆ. ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ, ಮೊದಲಿಂದ ಕೊನೆಯವರೆಗೆ. ಹುಡುಗರು ಮೊದಲಿಗಿಂತ ಜೋರಾಗಿ ನಕ್ಕರು. ಗುಂಡುಕಲ್ಲಿನ ಹತ್ತಿರ ಬಂದಾಗ ಒಬ್ಬ ಚಹಾ ಉಗುಳಿದ. ಸಾರಿನ ವಿಷಯವನ್ನು ಇನ್ನೊಂದು ಸಲ ಹೇಳಿಸಿದರು. ಇಂಥದನ್ನೆಲ್ಲ ಎಲ್ಲಿಂದ ಹುಟ್ಟಿಸ್ತೀಯಪ್ಪ ಎಂದು ಬೆನ್ನು ತಟ್ಟಿದರು. ಪಾಪ, ಮುದುಕನನ್ನು ಉಳಿಸಲು ಹೊಸ ಕಥೆ ಕಟ್ಟುತ್ತಿದ್ದಾನೆ ಎಂದು ಒಬ್ಬ ನನ್ನ ಒಳ್ಳೆಯತನವನ್ನು ಹೊಗಳಿದ. ನಾನು ಆಣೆ ಇಟ್ಟೆ. ಅದಕ್ಕೂ ನಕ್ಕರು. ಅಷ್ಟು ವರ್ಷ ನಗಿಸಿದ್ದಕ್ಕೆ ಸಿಕ್ಕ ಫಲವನ್ನು ನಿಂತು ನೋಡಿದೆ.

ಉಳಿದದ್ದು ಒಂದೇ ದಾರಿ. ನಮ್ಮಲ್ಲಿ ಒಬ್ಬನ ಮಾತನ್ನು ಎಲ್ಲರೂ ನಂಬುತ್ತಿದ್ದರು, ಅವನು ಮಾತಾಡುತ್ತಿದ್ದುದೇ ಅಪರೂಪವಾದ್ದರಿಂದ. ಆದರೆ ನಾನು ಮೋಸ ಮಾಡಿದ್ದು ಅವನಿಗೇ. ಅವನು ಆವತ್ತು ಕಾಲೇಜಿಗೆ ಬಂದಿರಲಿಲ್ಲ; ಮಂಡಿ ಊದಿದ್ದರಿಂದ ಬಸ್ಸು ಹಿಡಿದು ಕಡರನಾಯಕನಹಳ್ಳಿಗೆ ಹೋದೆ. ದೋಸ್ತ ಕಾಲುವೆಯ ಹತ್ತಿರ ಎಮ್ಮೆ ತೊಳೆಯುತ್ತಿದ್ದ. ಎಲ್ಲ ಹೇಳಿದೆ, ಇದು ನಿಜವೆಂದು ಕ್ಯಾಂಟೀನಿನಲ್ಲಿ ನೀನೇ ಹೇಳಬೇಕು ಎಂದೆ. ಅವನು ಎಮ್ಮೆಯ ಬೆನ್ನಿಗೆ ನೀರು ಹಾಕುತ್ತಲೇ ಇದ್ದ. ಹಾಕಿದ ಜಾಗಕ್ಕೇ ಮತ್ತೆ ಮತ್ತೆ ಹಾಕುತ್ತಿದ್ದ.

"ಆವತ್ತೇ ಅನ್ಕಂಡೆ," ಎಂದ. "ಹತ್ತು ಸಲ ಹರಿಹರಕ್ಕೆ ಹೋಗಿದ್ರೆ ನೀನು ನೂರು ಸಲ ಹೇಳ್ಬೇಕಿತ್ತು. ಒಂದ್ಸಲಾನೂ ಹೇಳ್ಲಿಲ್ಲ."

ಆಮೇಲೆ ಎಮ್ಮೆ ಹೊಡೆದುಕೊಂಡು ಮುಂದೆ ಹೋದ. ನಾನು ಹಿಂದೆ ಕುಂಟುತ್ತ ಹೋದೆ. ಮನೆ ಮುಟ್ಟಿದ ಮೇಲೆ ಊಟ ಹಾಕಿಸಿದ. ಮಾರನೆಯ ದಿನ ಕ್ಯಾಂಟೀನಿನಲ್ಲಿ ಎಲ್ಲರೂ ಇದ್ದಾಗ ಬಂದು ನಿಂತು, ಅವ ಹೇಳಿದ್ದು ಖರೆ, ಚಾಚಾಂದು ಏನೂ ತಪ್ಪಿಲ್ಲ ಎಂದ. ಯಾರೂ ನಗಲಿಲ್ಲ. ಕೆಲವರು ನನ್ನ ಕಡೆ ನೋಡಿದರು, ಕೆಲವರು ನೋಡಲಿಲ್ಲ. ನೋಡದವರ ಮುಖ ನನಗೆ ಚೆನ್ನಾಗಿ ನೆನಪಿದೆ.

ಬಿಜಾಪುರಕ್ಕೆ ಹೊರಡಲು ಒಂದು ವಾರ ಇದ್ದಾಗ ದೋಸ್ತನ ಶೂ ಚಾಚಾನ ಬೆಂಚಿನ ಮೇಲೆ ಬಂತು. ಗೆರೆ ಆಳವಾಗಿ, ಕಪ್ಪಾಗಿ ಬಿದ್ದಿತ್ತು. ಚಾಚಾನಿಗೆ ಡಬ್ಬಿ ತೆರೆಯಲು ಬಹಳ ಹೊತ್ತು ಹಿಡಿಯಿತು. ಶೂ ಬೆಳಕಿಗೆ ಹಿಡಿದರು, ಹೆಬ್ಬೆರಳು ಆಡಿಸಿದರು, ಕನ್ನಡಕ ಒರೆಸಿದರು. ನಿಜ ಹೇಳಬೇಕೆಂದರೆ ಕಣ್ಣು ಅವರಿಗೆ ಮೊದಲಿನಷ್ಟು ಕಾಣುತ್ತಿರಲಿಲ್ಲ. ನನ್ನ ಸುಳ್ಳಿನಲ್ಲಿ ಅದೊಂದು ಮಾತ್ರ ನಿಜವಿತ್ತು, ಅದಕ್ಕೇ ಅದು ಅವರನ್ನು ಅಷ್ಟು ಆಳವಾಗಿ ತಾಗಿತ್ತು.

ಶೂ ನನ್ನ ಕಡೆ ಚಾಚಿದರು.

"ನೀ ನೋಡಿ ಹೇಳು. ಗೆರಿ ಹೆಂಗೈತೆ?"

ದೋಸ್ತ ಬಾಗಿಲಲ್ಲಿ ನಿಂತಿದ್ದ. ನಾನು ಅಟ್ಟೆಯ ಮೇಲೆ ಬಗ್ಗಿ ಹೆಬ್ಬೆರಳಿನ ಉಗುರನ್ನು ಗೆರೆಯೊಳಗೆ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ಎಳೆದೆ. ಬಲದ ಕಡೆ ಒಂದು ಎಳೆ ಕೆಳಗಿತ್ತು, ಅಷ್ಟೇ. ಅಷ್ಟನ್ನೇ ಹೇಳಿದೆ. ಚಾಚಾ ಪ್ಲೇಟು ಇಟ್ಟು, ನಾನು ಹೇಳಿದಷ್ಟು ಸರಿಸಿ, ಈಗ ಎಂದರು. ಇನ್ನೂ ಒಂದು ಕೂದಲೆಳೆ ಎಂದೆ. ಸರಿಸಿದರು. ಈಗ ಎಂದರು. ಇನ್ನೊಂದು ಸಲ ಬಗ್ಗಿ ನೋಡಿದೆ. ಸರಿ ಇದೆ ಎಂದೆ. ಅವರು ಮತ್ತೆ ಹೆಬ್ಬೆರಳು ಆಡಿಸಿ ನೋಡಲಿಲ್ಲ. ಮೊಳೆ ಇಟ್ಟು ಸುತ್ತಿಗೆ ಎತ್ತಿದರು.